ತಲೆಗೊಂದು ಬೊಗಸೆ

ನನ್ನ ತವರು ಬನ್ನೂರಿನ ಕಡೆ. ಅಲ್ಲಿ ತೂಬು ಎತ್ತಿದರೆ ನಾಲೆಯ ನೀರು ಗದ್ದೆಗೆ ಬರುತ್ತದೆ. ಮಳೆ ಬಂದರೆ ಬಟ್ಟೆ ಒಣಗುವುದಿಲ್ಲ ಎಂದು ಬೈಯುವ ಜನ ನಾವು. ಮೂರು ಹೊತ್ತೂ ಅನ್ನ ಉಂಡು ಬೆಳೆದ ನನ್ನನ್ನು ಕವಲಂದೆಯ ಆಚೆಗಿನ ಒಂದು ಹಳ್ಳಿಗೆ ಮದುವೆ ಮಾಡಿ ಕೊಟ್ಟರು. ಜಿಲ್ಲೆ ಒಂದೇ. ಬೆಳಿಗ್ಗೆ ಬಸ್ಸು ಹತ್ತಿ, ತಿ. ನರಸೀಪುರದಲ್ಲಿ ಇಳಿದು, ನಂಜನಗೂಡಿನಲ್ಲಿ ಇನ್ನೊಂದು ಬಸ್ಸು ಹಿಡಿದರೆ ಮಧ್ಯಾಹ್ನದ ಊಟಕ್ಕೆ ಮನೆ ಸೇರಬಹುದು. ಅಷ್ಟರಲ್ಲೇ ಹಸಿರು ಮುಗಿದು ಕೆಂಪು ನೆಲ ಬಂದಿರುತ್ತದೆ, ತಟ್ಟೆಯಲ್ಲಿ ಅನ್ನ ಹೋಗಿ ಮುದ್ದೆ ಬಂದಿರುತ್ತದೆ.

ಮೊದಲ ದಿನ ನಾನು ಮುದ್ದೆಯನ್ನು ಅಗಿದೆ. ಪಂಕ್ತಿಯಲ್ಲಿ ಕೂತವರೆಲ್ಲ ಊಟ ನಿಲ್ಲಿಸಿ ನನ್ನ ದವಡೆಯನ್ನೇ ನೋಡಿದರು. ಅಕ್ಕಿ ತಿಂದವನು ಹಕ್ಕಿಯಾಗುತ್ತಾನೆ, ರಾಗಿ ತಿಂದವನು ನಿರೋಗಿಯಾಗುತ್ತಾನೆ ಎಂಬ ಗಾದೆಯನ್ನು ಅತ್ತೆ ಅವತ್ತೇ ಹೇಳಿದರು. ಮುಂದೆ ಬಹಳ ದಿನ ಆ ಮನೆಯಲ್ಲಿ ನನ್ನ ಹೆಸರು ಹಕ್ಕಿ ಎಂದೇ ಆಗಿತ್ತು. ನನಗೆ ಸಿಟ್ಟು ಬರುತ್ತಿತ್ತು. ಆದರೆ ಮುದ್ದೆ ನುಂಗುವುದನ್ನು ಕಲಿಯಲು ಆ ಸಿಟ್ಟೇ ಸಾಕಾಯಿತು.

ಆ ಮನೆಯಲ್ಲಿ ಒಂದು ಪದ್ಧತಿ ಇದೆ. ರಾಗಿ ಬಿತ್ತುವ ದಿನ ಬೆಳಿಗ್ಗೆ ಅತ್ತೆ ಬೀಜದ ಕುಕ್ಕೆಗೆ ವಿಭೂತಿ ಹಚ್ಚಿ ನಡುಮನೆಯಲ್ಲಿ ಇಡುತ್ತಾರೆ. ಹೊಲಕ್ಕೆ ಬೇಕಾದಷ್ಟು ಬೀಜವನ್ನು ಸೇರಿನಲ್ಲಿ ಅಳೆದು ಮೊದಲು ಅದಕ್ಕೆ ಹಾಕುತ್ತಾರೆ. ಆಮೇಲೆ ಮನೆಯವರು ಒಬ್ಬೊಬ್ಬರಾಗಿ ಬಂದು, ಪಕ್ಕದಲ್ಲಿಟ್ಟ ಮೊರದಿಂದ ಒಂದೊಂದು ಬೊಗಸೆ ಬೀಜ ತುಂಬಿಕೊಂಡು ಅದರ ಮೇಲೆ ಸುರಿಯಬೇಕು. ಕೈಗೂಸಾದರೆ ತಾಯಿ ಅದರ ಅಂಗೈಗಳನ್ನು ಬೀಜದಲ್ಲಿ ಅದ್ದಿಸಿ, ಅದರ ಪಾಲನ್ನು ತಾನೇ ಹಾಕುತ್ತಾಳೆ. ಉಣ್ಣುವ ಬಾಯಿ ಎಷ್ಟಿವೆಯೋ ಅಷ್ಟು ಬೊಗಸೆ ಭೂಮಿಗೆ ಹೋಗಬೇಕು, ಹಾಕದವರ ಪಾಲನ್ನು ಭೂಮಿತಾಯಿ ಎಲ್ಲಿಂದ ತಂದು ಕೊಟ್ಟಾಳು ಎನ್ನುವುದು ಅತ್ತೆಯ ನ್ಯಾಯ. ನಾನು ಬಂದ ವರ್ಷ ನನ್ನನ್ನೂ ಕರೆದರು. ಬೀಜ ಸುರಿದು ಕೈ ಕೊಡವಿಕೊಂಡಾಗ ನನಗೆ ಅಳು ಬಂತು. ತಾಳಿ ಕಟ್ಟಿಸಿಕೊಂಡಾಗಲೂ ಇವರು ನನ್ನವರು ಅನ್ನಿಸಿರಲಿಲ್ಲ, ಅವತ್ತು ಅನ್ನಿಸಿತು.

ವರ್ಷಗಳು ಕಳೆದವು. ಮಾವ ಮತ್ತು ಅವರ ಅಣ್ಣತಮ್ಮಂದಿರು ಭಾಗವಾದ ಮೇಲೆ ನಮ್ಮ ಪಾಲಿಗೆ ಎರಡು ಎಕರೆ ಕೆಂಪು ನೆಲ ಉಳಿಯಿತು. ನಾಲೆ ಇಲ್ಲ, ಕೆರೆ ಇಲ್ಲ, ಕೊಳವೆಬಾವಿ ಕೊರೆಸಲು ನಮ್ಮಲ್ಲಿ ಯಾರೂ ಕೈ ಹಾಕಿರಲಿಲ್ಲ. ಮಳೆ ಬಂದರೆ ಬೆಳೆ. ನೆಲ ಅಷ್ಟೇ ಇತ್ತು, ಮನೆ ಮಾತ್ರ ಬೆಳೆಯುತ್ತಾ ಹೋಯಿತು. ನನಗೆ ಮಕ್ಕಳಾದವು, ಮೈದುನನಿಗೆ ಮದುವೆಯಾಯಿತು, ಅವನಿಗೂ ಮಕ್ಕಳಾದವು, ನನ್ನ ದೊಡ್ಡ ಮಗನಿಗೆ ಹೆಣ್ಣು ತಂದೆವು. ನಾದಿನಿಯನ್ನು ಮದುವೆ ಮಾಡಿ ಕೊಟ್ಟಾಗ ಒಂದು, ಮಾವ ತೀರಿಕೊಂಡಾಗ ಒಂದು ಬೊಗಸೆ ಕಡಿಮೆಯಾಗಿದ್ದು ಬಿಟ್ಟರೆ ಪ್ರತಿ ಎರಡು ಮೂರು ವರ್ಷಕ್ಕೊಮ್ಮೆ ಕುಕ್ಕೆಗೆ ಒಂದು ಬೊಗಸೆ ಹೆಚ್ಚೇ ಆಗುತ್ತಿತ್ತು. ಹುಟ್ಟಿಸಿದ ದೇವರು ಹುಲ್ಲು ಮೇಯಿಸುತ್ತಾನೆಯೇ ಎನ್ನುತ್ತಾ ಅತ್ತೆ ಪ್ರತಿ ಕೂಸಿನ ಕೈಯನ್ನೂ ಬೀಜದಲ್ಲಿ ಅದ್ದಿಸುತ್ತಿದ್ದರು.

ಅಷ್ಟೂ ಬೀಜ ಅದೇ ಎರಡು ಎಕರೆಗೆ ಬೀಳುತ್ತಿತ್ತು. ಸಾಲಿನಲ್ಲಿ ಪೈರು ಎಷ್ಟು ಒತ್ತಾಗಿ ಬರುತ್ತಿತ್ತೆಂದರೆ ನೋಡಲು ಹಬ್ಬವೇ. ದಾರಿಯಲ್ಲಿ ಹೋಗುವವರು ನಿಂತು ಹೊಗಳುತ್ತಿದ್ದರು, ಅತ್ತೆ ದೃಷ್ಟಿ ತೆಗೆಯುತ್ತಿದ್ದರು. ಆದರೆ ತೆನೆ ಕಟ್ಟುವ ಹೊತ್ತಿಗೆ ಪೈರು ಕಡ್ಡಿಯಾಗಿ ನಿಲ್ಲುತ್ತಿತ್ತು. ತೆನೆ ನನ್ನ ಕಿರುಬೆರಳಿಗಿಂತ ದಪ್ಪ ಇರುತ್ತಿರಲಿಲ್ಲ. ಒಂದು ವರ್ಷ ಮಳೆಯನ್ನು ಬೈದೆವು, ಇನ್ನೊಂದು ವರ್ಷ ಬೀಜವನ್ನು, ಮತ್ತೊಂದು ವರ್ಷ ದಾರಿಹೋಕರ ಕಣ್ಣನ್ನು. ಇಳುವರಿ ಕಡಿಮೆಯಾಯಿತೆಂದು ಅತ್ತೆ ಮುಂದಿನ ವರ್ಷ ಬೊಗಸೆಯನ್ನು ಇನ್ನಷ್ಟು ತುಂಬಿ ಹಾಕಿ ಎನ್ನುತ್ತಿದ್ದರು. ಬಾಯಿ ಹೆಚ್ಚಾದ ಮನೆಯವರು ಮಾತ್ರ ಮಾಡಬಹುದಾದ ತಪ್ಪು ಅದು. ಪ್ರೀತಿಯಿಂದ ಮಾಡುತ್ತಿದ್ದುದರಿಂದ ತಪ್ಪೆಂದು ಯಾರಿಗೂ ಹೊಳೆಯಲಿಲ್ಲ.

ಉಪವಾಸ ಯಾರೂ ಬೀಳುತ್ತಿರಲಿಲ್ಲ, ಆ ಮಾತು ಹೇಳಿಬಿಡಬೇಕು. ಸೊಸೈಟಿ ಅಕ್ಕಿ ಬರುತ್ತದೆ. ಕೂಲಿ, ಸಂಬಳ ಅಂತ ನಾಲ್ಕು ಕೈ ದುಡಿಯುತ್ತವೆ. ಆದರೆ ಮನೆಯ ರಾಗಿ ಮುಗಿದ ದಿನ ಅತ್ತೆಯ ಮುಖ ನೋಡಲಾಗುತ್ತಿರಲಿಲ್ಲ. ಮೊದಲೆಲ್ಲ ಒಂದು ಬೆಳೆಯ ರಾಗಿ ಮುಂದಿನ ಬೆಳೆಯನ್ನು ಮುಟ್ಟುತ್ತಿತ್ತು. ಆಮೇಲೆ ಗೌರಿಹಬ್ಬಕ್ಕೆ ಮುಗಿಯಿತು, ಆಮೇಲೆ ಆಷಾಢಕ್ಕೆ. ಈಚೆಗೆ ಯುಗಾದಿ ಕಳೆಯುವಷ್ಟರಲ್ಲಿ ಡ್ರಮ್ಮಿನ ತಳ ಕಾಣುತ್ತಿತ್ತು.

ನನ್ನ ಮೈದುನ ನಂಜನಗೂಡಿನ ಒಂದು ಕಾರ್ಖಾನೆಯಲ್ಲಿ ಪಾಳಿಯ ಮೇಲೆ ಕೆಲಸ ಮಾಡುತ್ತಾನೆ. ಮಾತು ಕಡಿಮೆ, ಕೋಪ ಜಾಸ್ತಿ. ಮನೆಗೆ ಬಂದು ಒಂದು ಮುದ್ದೆ ಉಂಡು ಕೈ ತೊಳೆದುಬಿಡುತ್ತಿದ್ದ. ಇನ್ನೊಂದು ಹಾಕಲು ಹೋದರೆ ಕ್ಯಾಂಟೀನಿನಲ್ಲಿ ತಿಂದಿದ್ದೇನೆ ಎನ್ನುತ್ತಿದ್ದ. ಒಂದು ದಿನ ಪಾತ್ರೆ ತೊಳೆಯುವಾಗ ಅವನ ಹೆಂಡತಿ, ನನ್ನ ವಾರಗಿತ್ತಿ, ತಲೆ ಎತ್ತದೆ ಹೇಳಿದಳು: ಅವನು ಕ್ಯಾಂಟೀನಿಗೆ ಹೋಗುವುದೇ ಇಲ್ಲವಂತೆ. ಇವಳು ಕಟ್ಟಿಕೊಟ್ಟ ಡಬ್ಬಿಯೇ ಅವನ ಊಟವಂತೆ. ಮಕ್ಕಳಿಗೆ ಉಳಿಯಲಿ ಎಂದು ಎರಡನೇ ಮುದ್ದೆ ಬಿಟ್ಟಿದ್ದನಂತೆ. ಅಷ್ಟು ದಿನ ಅವನನ್ನು ಮುಸುಡಿ ಊದಿಸಿಕೊಂಡವನು ಎಂದು ಆಡಿಕೊಳ್ಳುತ್ತಿದ್ದ ನನಗೆ ಅವತ್ತು ಕೈಯಲ್ಲಿದ್ದ ತಟ್ಟೆ ತೊಳೆಯಲು ಆಗಲಿಲ್ಲ.

ಹೋದ ವರ್ಷ ಬಿತ್ತನೆಗೆ ಸ್ವಲ್ಪ ಮೊದಲು ನನ್ನ ಮೊಮ್ಮಗಳು ಹುಟ್ಟಿದಳು. ಮನೆಯಲ್ಲಿ ಹದಿನಾಲ್ಕನೆಯ ಬಾಯಿ. ಅದೇ ಹೊತ್ತಿಗೆ ನಮ್ಮ ಕಡೆ ಶುಂಠಿ ಬೆಳೆಯುವವರು ನೆಲ ಗುತ್ತಿಗೆಗೆ ಕೇಳಿಕೊಂಡು ತಿರುಗುತ್ತಿದ್ದರು. ಕೊಳವೆಬಾವಿ ಅವರೇ ಕೊರೆಸುತ್ತಾರೆ, ನಾವು ಸುಮ್ಮನೆ ಕೂತರಾಯಿತು. ಮೈದುನ ಒಂದು ಭಾನುವಾರ ಜಗಲಿಯ ಮೇಲೆ ಎಲ್ಲರ ಮುಂದೆ ಮಾತು ತೆಗೆದ.

"ಈ ಸಲ ಕೂಸಿನ್ ಬೊಗಸೆ ಬ್ಯಾಡ ಕಣವ್ವ. ಬೊಗಸೆ ಆಕುದ್ರೆ ಎರಡೆಕ್ರೆ ನೆಲ ಇಗ್ತದಾ?"

ಅತ್ತೆ ಎಲೆ ಅಡಿಕೆ ಕುಟ್ಟುವುದನ್ನು ನಿಲ್ಲಿಸಿದರು. "ಕೂಸಿಗೆ ಬೊಗಸೆ ಇಲ್ಲ ಅನ್ನದೂ ಒಂದೆ, ಈ ಮನೇಲಿ ಅದ್ಕೆ ಮುದ್ದೆ ಇಲ್ಲ ಅನ್ನದೂ ಒಂದೆ ಕಣ್ಲಾ ಮಗ."

ಆಮೇಲೆ ಆಡಿದ ಮಾತುಗಳನ್ನೆಲ್ಲ ಬರೆಯುವುದಿಲ್ಲ. ಕೊನೆಗೆ ಅವನು ಒಂದು ಷರತ್ತಿಗೆ ಬಂದ. ಕೂಸಿನ ಬೊಗಸೆಯನ್ನೂ ಹಾಕಲಿ, ಅವನ ಅಡ್ಡಿಯಿಲ್ಲ. ಆದರೆ ಈ ಬೆಳೆಯ ರಾಗಿ ಬರುವ ವರ್ಷದ ಬಿತ್ತನೆಯ ತನಕವಾದರೂ ಉಳಿಯಬೇಕು. ಉಳಿಯದಿದ್ದರೆ ನೆಲ ಶುಂಠಿಗೆ, ಒಲೆ ಎರಡು. ಅವರವರ ದುಡಿಮೆಯಲ್ಲಿ ಅವರವರು ಬೇಯಿಸಿಕೊಳ್ಳುವುದು. ನನ್ನ ಗಂಡ ಎಂದಿನಂತೆ ಟವೆಲು ಹೆಗಲಿಗೆ ಹಾಕಿಕೊಂಡು ಎದ್ದು ಹೋದರು. ಅತ್ತೆ ಆಗಲಿ ಎಂದು ತಲೆಯಾಡಿಸಿದರು. ಮದುವೆಯಾಗಿ ಬಂದ ದಿನದಿಂದ ಒಂದೇ ಒಲೆಯ ಮುಂದೆ ಕೂತಿದ್ದ ಹೆಂಗಸು ಆ ಸಂಜೆ ಒಲೆಯ ಮುಂದೆ ಕೂತು ಎದ್ದೇಳಲಿಲ್ಲ. ಬೆಂಕಿ ಆರಿದರೂ ಅಲ್ಲೇ ಇದ್ದರು. ನನಗೆ ಮೈದುನನ ಮೇಲೂ ಸಿಟ್ಟು ಮಾಡಿಕೊಳ್ಳಲಾಗಲಿಲ್ಲ, ಅತ್ತೆಯನ್ನೂ ಸಮಾಧಾನ ಮಾಡಲಾಗಲಿಲ್ಲ.

ಆ ವಾರವೇ ಅಣ್ಣನ ಮನೆಯಲ್ಲಿ ಏನೋ ಕಾರ್ಯವಿತ್ತೆಂದು ಬನ್ನೂರಿಗೆ ಹೋದೆ. ಅಣ್ಣ ಭತ್ತದ ಒಟ್ಲು ಹಾಕಿಸುತ್ತಿದ್ದ. ಒಟ್ಲು ಎಂದರೆ ಗದ್ದೆಯ ಮೂಲೆಯಲ್ಲಿ ಪೈರು ಎಬ್ಬಿಸುವ ಸಣ್ಣ ಮಡಿ. ಅದರಲ್ಲಿ ಬೀಜವನ್ನು ಎಷ್ಟು ದಟ್ಟವಾಗಿ ಚೆಲ್ಲಿದರೂ ಅಡ್ಡಿಯಿಲ್ಲ, ಕಿತ್ತು ನೆಡುವಾಗ ಬಿಡಿಸಿ ದೂರ ದೂರ ನೆಟ್ಟರಾಯಿತು. ಹುಟ್ಟಿದಾಗಿನಿಂದ ನೋಡಿದ ಕೆಲಸ. ಕಾಫಿ ಲೋಟ ಹಿಡಿದು ಬದುವಿನ ಮೇಲೆ ನಿಂತಿದ್ದವಳಿಗೆ ನಮ್ಮ ರಾಗಿ ಹೊಲ ನೆನಪಾಯಿತು. ಒಂದೇ ಕಂಬಳಿಯ ಕೆಳಗೆ ಮಲಗಿದ ಮಕ್ಕಳು ಆ ಕಡೆ ಈ ಕಡೆ ಎಳೆದಾಡುವ ಹಾಗೆ ನಮ್ಮ ಪೈರು ಇಷ್ಟು ವರ್ಷ ಎಳೆದಾಡುತ್ತಿತ್ತಲ್ಲ. ಬೊಗಸೆ ಹೆಚ್ಚಾಗಿದ್ದು ತಪ್ಪಲ್ಲ, ಅವನ್ನೆಲ್ಲ ಒಟ್ಲಿನಂಥ ಒತ್ತಿನಲ್ಲೇ ಕೊನೆಯ ತನಕ ಬಿಟ್ಟಿದ್ದು ತಪ್ಪು. ಕಾಫಿ ಕುಡಿಯುವುದನ್ನೇ ಮರೆತು ನಕ್ಕೆ. ಅತ್ತಿಗೆ ನನಗೆ ಬಿಸಿಲು ಹೊಡೆಯಿತೆಂದುಕೊಂಡರು.

ರಾಗಿಯನ್ನು ನಾಟಿ ಮಾಡುವುದು ಹೊಸದೇನಲ್ಲ. ಕೆರೆಯ ಕೆಳಗಿನವರು ಹಿಂದಿನಿಂದಲೂ ಮಾಡುತ್ತಾರೆ. ಮಳೆಯನ್ನೇ ನಂಬಿದ ನಮ್ಮ ಬೀದಿಯಲ್ಲಿ ಮಾತ್ರ ಯಾರೂ ಮಾಡುತ್ತಿರಲಿಲ್ಲ. ನಾನು ಹೊಸ ಸೊಸೆಯಾಗಿದ್ದಾಗ ಒಮ್ಮೆ ಈ ಮಾತು ಆಡಿ ನಗೆಪಾಟಲಾಗಿದ್ದೆ, ನೀರಿಲ್ಲದ ಊರಿಗೆ ಹಕ್ಕಿ ನಾಟಿ ಕಲಿಸಲು ಬಂತು ಎಂದಿದ್ದರು. ಈ ಸಲ ನಗುವ ಸ್ಥಿತಿಯಲ್ಲಿ ಯಾರೂ ಇರಲಿಲ್ಲ. ಇಡೀ ಹೊಲಕ್ಕೆ ನೀರು ಬೇಡ, ಒಂದು ಮಡಿಗೆ ಸಾಕು, ತರಕಾರಿ ತೊಳೆದ ನೀರು, ಅಕ್ಕಿ ತೊಳೆದ ನೀರು ಇದೆಯಲ್ಲ ಎಂದೆ. ಮೈದುನ ಭುಜ ಹಾರಿಸಿ, ಅತ್ತಿಗೆಯ ಗದ್ದೆ ಬುದ್ಧಿಯನ್ನೂ ಒಂದು ಸಲ ನೋಡಿಬಿಡೋಣ ಎಂದ. ಅತ್ತೆಗೆ ಬೇರೆಯದೇ ಸಂಕಟ. ಕೂಸಿನ ಕೈ ಅದ್ದಿ ಹಾಕಿದ ಬೀಜ ಮೊಳೆತ ಮೇಲೆ ಅದನ್ನು ಬೇರುಸಹಿತ ಕೀಳುವುದೇ ಎಂದರು. ಹೆಣ್ಣುಮಕ್ಕಳನ್ನು ಕಿತ್ತು ನೆಟ್ಟ ಪೈರು ಎನ್ನುವವರನ್ನು ಕಂಡರೆ ನನಗೆ ಆಗುವುದಿಲ್ಲ. ಪೈರಿಗೆ ಬಾಯಿಲ್ಲ, ನನಗಿದೆ. ಆದರೂ ಅವತ್ತು ಅದೇ ಮಾತನ್ನು ನಾಚಿಕೆಯಿಲ್ಲದೆ ಬಳಸಿಕೊಂಡೆ: ನನ್ನನ್ನೂ ಕಿತ್ತು ತಂದಿರಲ್ಲ, ಒಣಗಿದೆನೇ ಎಂದೆ. ಅತ್ತೆ ನನ್ನನ್ನು ಮೇಲಿಂದ ಕೆಳಗಿನವರೆಗೆ ನೋಡಿ, ಒಣಗುವುದಿರಲಿ, ಬಾಗಿಲು ಅಗಲ ಮಾಡಿಸುವ ಹಾಗಾಗಿದ್ದೀಯ ಎಂದರು. ಆ ವಾರದಲ್ಲಿ ಅವರು ನಕ್ಕಿದ್ದು ಅದೇ ಮೊದಲು.

ಬಿತ್ತುವ ದಿನ ಬಂತು. ಒಟ್ಲಿಗೆ ಬೇಕಾಗುವ ಬೀಜ ಬಹಳ ಕಡಿಮೆ. ಯಾರ ಬೊಗಸೆ ಬಿಡುವುದು ಎಂದು ಎಲ್ಲರೂ ಮುಖ ಮುಖ ನೋಡಿಕೊಂಡೆವು. ಅತ್ತೆ ಕುಕ್ಕೆಯ ಮುಂದೆ ಸೇರು ಹಿಡಿದುಕೊಂಡು ಬಹಳ ಹೊತ್ತು ಕೂತಿದ್ದರು. ಆ ಅಳತೆ ಅವರ ಅತ್ತೆ, ಅವರ ಅತ್ತೆಯ ಅತ್ತೆ ಹಾಕಿಕೊಂಡು ಬಂದದ್ದು. ಕೊನೆಗೆ ಸೇರನ್ನು ಬೋರಲು ಹಾಕಿ ಗೋಡೆಯ ಬದಿಗೆ ಇಟ್ಟರು. ಅಳತೆಯ ಬೀಜ ಬೇಡ, ಮನೆಯವರ ಬೊಗಸೆಗಳಷ್ಟೇ ಸಾಕು ಎಂದರು. ಪ್ರತಿ ವರ್ಷ ಅಳತೆಯ ಬೀಜ ಬೀಳುತ್ತಿದ್ದ ಕುಕ್ಕೆಯ ತಳಕ್ಕೆ ಈ ಸಲ ಮೊದಲು ಬಿದ್ದದ್ದು ನನ್ನ ಮೊಮ್ಮಗಳ ಪಾಲು. ಅವಳು ಅಂಗೈಯಲ್ಲಿ ಸಿಕ್ಕಿಕೊಂಡ ಬೀಜವನ್ನು ಬಿಡಲೊಲ್ಲದೆ ಮುಷ್ಟಿ ಕಟ್ಟಿದಳು, ಅವಳ ತಾಯಿ ಬೆರಳು ಬಿಡಿಸಬೇಕಾಯಿತು.

ಬಚ್ಚಲ ಹಿಂದೆ ಮಡಿ ಮಾಡಿದೆವು. ಕೋಳಿ ನುಗ್ಗದಂತೆ ಕಾಯುವುದು, ನೀರು ಚಿಮುಕಿಸುವುದು ಅತ್ತೆಯ ಕೆಲಸ. ಪೈರು ಚೆನ್ನಾಗಿಯೇ ಎದ್ದಿತು, ಮಳೆಯೇ ಬರಲಿಲ್ಲ. ಮೋಡ ನಮ್ಮ ತಲೆಯ ಮೇಲೆ ಹಾದು ಕಬಿನಿಯ ಕಡೆ ಹೋಗಿಬಿಡುತ್ತಿತ್ತು. ನಾಟಿಗೆ ಹೊಲ ನೆನೆಯಬೇಕು, ಮಡಿಯಲ್ಲಿ ಪೈರು ಬಲಿತರೆ ನೆಟ್ಟೂ ಉಪಯೋಗವಿಲ್ಲ. ಶುಂಠಿಯವರು ಬಂದು ಹೊಲದ ಬದುವಿನ ಮೇಲೆ ಓಡಾಡಿ ಹೋದರು. ಇದೆಲ್ಲ ನನ್ನಿಂದಲೇ ಆಯಿತಲ್ಲ, ಬಿತ್ತಿದ್ದರೆ ಅಷ್ಟೋ ಇಷ್ಟೋ ಬರುತ್ತಿತ್ತಲ್ಲ ಎಂದು ನನಗೆ ಹೆದರಿಕೆ ಹತ್ತಿತು.

ಶ್ರಾವಣದ ಒಂದು ಬೆಳಿಗ್ಗೆ ಮಳೆ ಹಿಡಿಯಿತು. ಮಧ್ಯಾಹ್ನ ಬಿಟ್ಟಿತು. ಮಡಿಯಿಂದ ಪೈರು ಕಿತ್ತು ಕಟ್ಟು ಕಟ್ಟಿಕೊಂಡು ಎಲ್ಲರೂ ಹೊಲಕ್ಕೆ ಓಡಿದೆವು. ಹಗ್ಗ ಹಿಡಿದು, ಒಂದು ಗೇಣಿನ ಮೇಲೆ ನಾಲ್ಕು ಬೆರಳು ದೂರಕ್ಕೆ ಒಂದೊಂದೇ ಪೈರು. ಮೈದುನ ಪಾಳಿ ಮುಗಿಸಿ ಕಾರ್ಖಾನೆಯ ಬಟ್ಟೆಯಲ್ಲೇ ಬಂದು, ಪ್ಯಾಂಟು ಮಡಚಿ ಕೆಸರಿಗಿಳಿದ. ಅತ್ತೆ ಮಾತ್ರ ಕದ್ದು ಕದ್ದು ಎರಡೆರಡು ಪೈರು ನೆಡುತ್ತಿದ್ದರು. ನಾನು ಹಿಂದಿನಿಂದ ಹೋಗಿ ಒಂದನ್ನು ಕಿತ್ತರೆ ಅವರ ಮುಖ ಸಣ್ಣಗಾಯಿತು.

"ಒಂಟಿ ಅದೆ ಕಣವ್ವ. ಜೊತೇಗೊಂದಿರ್ಲಿ ಬುಡು."

ಜೊತೆಗೊಂದು ಎನ್ನುತ್ತಲೇ ಅಲ್ಲವೇ ಇಷ್ಟು ವರ್ಷ ಎಲ್ಲವೂ ಬಡಕಲಾದದ್ದು ಎಂದು ನಾಲಿಗೆಯ ತುದಿಗೆ ಬಂದಿತ್ತು. ನುಂಗಿಕೊಂಡೆ. ಮೂರನೆಯ ದಿನ ಹೊಲ ಮುಗಿದರೂ ಕಟ್ಟುಗಟ್ಟಲೆ ಪೈರು ಉಳಿಯಿತು. ಎಸೆಯಲು ಅತ್ತೆ ಬಿಡಲಿಲ್ಲ. ಹದಿನಾಲ್ಕು ಜನರ ಬೊಗಸೆ ಕಲೆತು ಹುಟ್ಟಿದ ಪೈರು, ಇದು ಯಾರದೆಂದು ಎಸೆಯುವುದು ಎಂದರು. ಬದುವಿನಾಚೆಯ ಹೊಲದವರು ಮೊದಲೇ ಬಿತ್ತಿದ್ದ ಬೀಜ ಮಳೆಯಿಲ್ಲದೆ ಸುಟ್ಟುಹೋಗಿತ್ತು. ಉಳಿದ ಪೈರನ್ನೆಲ್ಲ ಅವರಿಗೆ ಕೊಟ್ಟು, ಜೊತೆಗೆ ನನ್ನನ್ನೂ ಕಳಿಸಿ ನೆಡುವುದನ್ನು ತೋರಿಸಿಕೊಟ್ಟು ಬಾ ಎಂದರು.

ಮಾರನೆಯ ದಿನದಿಂದ ಊರಿಗೆ ನಮ್ಮ ಹೊಲವೇ ತಮಾಷೆ. ಬೀಜ ಸಾಲಲಿಲ್ಲವೇ ಎಂದು ಕೇಳುವವರು, ಇಷ್ಟು ಜಾಗ ದನ ಮಲಗಲು ಬಿಟ್ಟಿದ್ದೀರಾ ಎನ್ನುವವರು. ಅತ್ತೆ ಆ ದಾರಿಯಲ್ಲಿ ಓಡಾಡುವುದನ್ನೇ ಬಿಟ್ಟರು. ಆದರೆ ತಿಂಗಳು ಕಳೆಯುವಷ್ಟರಲ್ಲಿ ಒಂಟಿ ಪೈರುಗಳು ಬುಡದಿಂದ ಮರಿ ಹಾಕತೊಡಗಿದವು. ಒಂದೊಂದು ಬುಡದಲ್ಲಿ ನನ್ನ ಕೈಗೆ ತಬ್ಬಿ ಹಿಡಿಯಲಾಗದಷ್ಟು ಕಡ್ಡಿ. ಕಾರ್ತಿಕದಲ್ಲಿ ತೆನೆ ನೋಡಲು ಅತ್ತೆಯನ್ನು ಕೈಹಿಡಿದು ಕರೆದುಕೊಂಡು ಹೋದೆ. ಮುಷ್ಟಿ ಕಟ್ಟಿದ ಹಾಗೆ ತೆನೆಗಳು. ಅವರು ಒಂದನ್ನು ಕೀಳದೆ ಹಾಗೇ ಅಂಗೈಯಲ್ಲಿಟ್ಟುಕೊಂಡು ನೋಡಿದರು. ಬಿಳಿ ಸೆರಗಿನಿಂದ ಕಣ್ಣು ಒರೆಸಿಕೊಂಡು, ಬೊಗಸೆ ಹಾಕುವುದು ಗೊತ್ತಿತ್ತು, ಕೂರಲು ಜಾಗ ಕೊಡುವುದು ಗೊತ್ತಿರಲಿಲ್ಲ ಎಂದರು.

ಒಕ್ಕಣೆಯಾದ ಮೇಲೆ ಇದ್ದ ಡ್ರಮ್ಮುಗಳು ಸಾಲದೆ ಪಕ್ಕದ ಮನೆಯಿಂದ ತಂದೆವು. ಶಿವರಾತ್ರಿ ಕಳೆಯಿತು, ಯುಗಾದಿ ಕಳೆಯಿತು. ಮೈದುನ ಎರಡನೇ ಮುದ್ದೆಗೆ ತಾನಾಗಿ ಕೈ ಒಡ್ಡಿದ ದಿನ ವಾರಗಿತ್ತಿ ನನ್ನ ಕಡೆ ನೋಡಿದಳು, ನಾನು ಸಾರಿನ ಪಾತ್ರೆಯ ಕಡೆ ನೋಡಿದೆ. ಶುಂಠಿಯವರು ಫೋನು ಮಾಡಿದಾಗ ಈ ವರ್ಷ ಕೊಡುವುದಿಲ್ಲ ಎಂದು ಅವನೇ ಹೇಳಿದ. ಮುಂದಿನ ವರ್ಷಗಳ ಮಾತು ನಾನು ಆಡುವುದಿಲ್ಲ. ಮಳೆ ಕೈ ಕೊಟ್ಟರೆ ಒಟ್ಲೂ ಇಲ್ಲ, ನಾಟಿಯೂ ಇಲ್ಲ. ಆದರೆ ಈ ಆಷಾಢದಲ್ಲಿ ಬೀಜದ ಕುಕ್ಕೆ ಹೊರಗೆ ಬಂದಾಗ ಮನೆಯಲ್ಲಿ ಇನ್ನೂ ಒಂದು ಡ್ರಮ್ಮು ರಾಗಿ ಇತ್ತು. ಒಲೆ ಒಂದೇ ಉರಿಯುತ್ತಿತ್ತು.

ಅವತ್ತು ಮನೆಗೆ ನನ್ನ ನಾದಿನಿ ಬಂದಿದ್ದಳು. ಮೈದುನನಿಗಿಂತ ದೊಡ್ಡವಳು, ತಿ. ನರಸೀಪುರಕ್ಕೆ ಮದುವೆಯಾಗಿ ಇಪ್ಪತ್ತು ವರ್ಷದ ಮೇಲಾಯಿತು. ಮನೆಯ ಹೆಣ್ಣುಮಗಳನ್ನು ಕೊಟ್ಟ ಮೇಲೆ ಅವಳ ಬೊಗಸೆ ಈ ಕುಕ್ಕೆಗೆ ಬೀಳುವಂತಿಲ್ಲ, ಅವಳ ಬಾಯಿ ಇನ್ನೊಂದು ಮನೆಗೆ ಸೇರಿದ್ದು. ಹಾಗಾಗಿ ಬಿತ್ತನೆಯ ದಿನ ತವರಿನಲ್ಲಿದ್ದರೆ ಅವಳು ಅಡುಗೆಮನೆಯಲ್ಲಿ ಏನಾದರೂ ಕೆಲಸ ಹುಡುಕಿಕೊಂಡು ನಿಲ್ಲುತ್ತಿದ್ದಳು. ನಾವೆಲ್ಲ ಹಾಕಿ ಮುಗಿಸಿದೆವು. ಮೈದುನ ಮೊರ ಎತ್ತಿಕೊಂಡ. ಒಳಗಿಡಲು ಹೊರಟ ಎಂದುಕೊಂಡೆ. ಅವನು ಅಡುಗೆಮನೆಯ ಬಾಗಿಲಿಗೆ ಹೋಗಿ ಮೊರವನ್ನು ಅಕ್ಕನ ಮುಂದೆ ಹಿಡಿದ.

"ಬಾರಕ್ಕ, ನೀನೂ ಆಕು. ಜಾಗ ಅದೆ."

ನಾದಿನಿ ಅವನನ್ನು ನೋಡಲಿಲ್ಲ, ಅತ್ತೆಯನ್ನು ನೋಡಿದಳು. ಪದ್ಧತಿ ಅತ್ತೆಯದು. ಅತ್ತೆ ಕುಕ್ಕೆಯನ್ನು ನೆಲದ ಮೇಲೆ ಅವಳ ಕಡೆಗೆ ತಳ್ಳಿ, ಯಾರ ಮುಖವನ್ನೂ ನೋಡದೆ ಹೇಳಿದರು:

"ನಿನ್ ಮದ್ವೆ ಆದ್ ವರ್ಸದಿಂದ ನಾನು ಎರಡು ಬೊಗಸೆ ಆಕ್ತಿವ್ನಿ ಕಣವ್ವ. ಇನ್ಮೇಲೆ ನಿಂದ ನೀನೇ ಆಕು."